ಜಾಸ್ತಿ ನಕ್ಕರೆ ಅಳಬೇಕಾಗುತ್ತದೆಯೆ?

ನಮ್ಮ ಮನೆಯಲ್ಲಿ ನಗುವುದಕ್ಕೆ ಒಂದು ಮಿತಿ ಇತ್ತು. ರಾತ್ರಿ ಉಂಡಾದ ಮೇಲೆ ಅಕ್ಕನೂ ನಾನೂ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರೆ, ಒಲೆ ಮುಂದೆ ಕೂತ ಅವ್ವ ಒಂದು ಸಲ ತಿರುಗಿ ನೋಡುತ್ತಿದ್ದಳು. ಎರಡನೆ ಸಲಕ್ಕೆ, "ಸಾಕು ಸುಮ್ಕಿರ್ರೋ, ಜಾಸ್ತಿ ನಕ್ರೆ ಅಳ್ಬೇಕಾಗ್ತೈತೆ" ಅನ್ನುತ್ತಿದ್ದಳು. ಅದು ಬೈಗುಳ ಅಲ್ಲ. ಮೋಡ ಕವಿದೈತೆ, ಒಣಾಕಿದ್ದು ಒಳಗೆ ತಗೊಳ್ಳಿ ಅಂದ ಹಾಗೆ. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿಕೊಳ್ಳುತ್ತಿದ್ದೆವು. ಆ ಕೈ ಇನ್ನೂ ಬಾಯಿಂದ ಪೂರ್ತಿ ಇಳಿದಿಲ್ಲ. ಮೊದಲ ಪದ್ಯ ಅಚ್ಚಾಗಿ ಬಂದ ದಿನ ನನಗೆ ಮೊದಲು ಆದದ್ದು ಸಂತೋಷ ಅಲ್ಲ, ಹೆದರಿಕೆ. ಇದಕ್ಕೆ ಏನು ತೆರಬೇಕೋ ಎಂಬ ಹೆದರಿಕೆ. ಈ ಪತ್ರಿಕೆ ಓದುವ ಗೆಳೆಯರಲ್ಲಿ ಎಷ್ಟೋ ಜನಕ್ಕೆ ಇದು ಗುರುತಿನದೇ ಇರಬೇಕು.

ಇದನ್ನು ಈಗ ಬರೆಯಲು ಕಾರಣ ಇದೆ. ಎರಡು ವರ್ಷದ ಹಿಂದೆ ಅಕ್ಕ ಫೋನು ಮಾಡಿ, "ತಮ್ಮಾ, ನಾನು ಎಸ್ಸೆಸ್ಸೆಲ್ಸಿ ಕಟ್ತೀನಿ ಕಣೋ" ಅಂದಳು. ಅವಳಿಗೆ ಆಗ 31 ವರ್ಷ. ಎರಡು ಮಕ್ಕಳು. ಒಂಬತ್ತನೆ ತರಗತಿ ಮುಗಿಸಿ ಶಾಲೆ ಬಿಟ್ಟವಳು. ನನಗೆ ಬಾಯಿಗೆ ಬಂದದ್ದು ಇಷ್ಟು: "ಯಾಕಕ್ಕಾ ಈಗ? ಫೇಲಾದ್ರೆ ಸುಮ್ನೆ ಮನಸ್ಸಿಗೆ ನೋವು." ಆ ಕಡೆಯಿಂದ ಒಂದಷ್ಟು ಹೊತ್ತು ಮಾತಿಲ್ಲ. ಆಮೇಲೆ, "ನೀನೂ ಅವ್ವನಂಗೇ ಅಂತೀಯಲ್ಲೋ" ಅಂದು ಫೋನಿಟ್ಟಳು.

ಅಕ್ಕ ಹೇಳಿದ್ದು ತಪ್ಪು. ನಾನು ಅವ್ವನ ಹಾಗೆ ಮಾತಾಡಿರಲಿಲ್ಲ. ಗೌಡನ ಹಾಗೆ ಮಾತಾಡಿದ್ದೆ. ಎರಡಕ್ಕೂ ಇರುವ ಅಂತರ ನನಗೆ ತಿಳಿಯಲು ಬಹಳ ದಿನ ಹಿಡಿಯಿತು.

ಗೌಡ ಅಂದರೆ ಅಪ್ಪ ದುಡಿಯುತ್ತಿದ್ದ ಶೇಂಗಾ ಹೊಲದ ಯಜಮಾನ. ನಾನು ಹತ್ತನೆ ತರಗತಿ ಪಾಸಾದಾಗ ಕಾಲೇಜು ಫೀಸಿಗೆ ಅಂತ ಅಪ್ಪ ಸಾಲ ಕೇಳಲು ಹೋದ. ನಾನೂ ಜೊತೆಗಿದ್ದೆ. ಅಪ್ಪ ಹೆಗಲ ಮೇಲಿನ ಟವೆಲ್ಲು ಕೈಗೆ ತಗೊಂಡು ಜಗಲಿ ಕೆಳಗೆ ನಿಂತಿದ್ದ. ಗೌಡ ಕೂಗಾಡಲಿಲ್ಲ, ಹೀಯಾಳಿಸಲಿಲ್ಲ. ನಿಧಾನಕ್ಕೆ ಬುದ್ಧಿ ಹೇಳಿದ. "ಓದ್ಸು, ನಾನೇನು ಬ್ಯಾಡ ಅನ್ನಲ್ಲ. ಆದ್ರೆ ಓದಿದ ಹುಡುಗ ಕೆಲ್ಸ ಸಿಗ್ದೆ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ ಅಂತಾಗ್ತಾನೆ. ನಾಳೆ ಹೊಟ್ಟೆ ಉರಿಯೋದು ನಿಂದೇ. ಇದ್ದಿದ್ರಾಗೆ ಸುಖವಾಗಿರ್ರಲೇ." ನಮ್ಮ ಮೇಲೆ ಕರುಣೆಯಿಂದಲೇ ಹೇಳಿದ ಅಂತ ಇವತ್ತಿಗೂ ನಂಬುತ್ತೇನೆ. ಅವನು ಹೇಳಿದ್ದು ಸುಳ್ಳೂ ಆಗಲಿಲ್ಲ. ಡಿಗ್ರಿ ಮುಗಿಸಿ ಎರಡು ವರ್ಷ ಅರ್ಜಿ ಹಾಕಿಕೊಂಡು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಎಂದೇ ತಿರುಗಿದೆ. ಅಪ್ಪನ ಹೊಟ್ಟೆ ಉರಿದದ್ದೂ ನಿಜ.

ಇದೇ ಬುದ್ಧಿಮಾತನ್ನು ಸುಮಾರು ಎರಡು ಶತಮಾನದ ಹಿಂದೆ ಅಮೆರಿಕದ ಬಾಲ್ಟಿಮೋರ್ ಊರಲ್ಲಿ ಒಬ್ಬ ಯಜಮಾನ ಹೇಳಿದ್ದನ್ನು ನಾನು ಕಾಲೇಜಿನ ಲೈಬ್ರರಿಯಲ್ಲಿ ಓದಿದೆ. ಫ್ರೆಡರಿಕ್ ಡಗ್ಲಾಸ್ ಮೇರಿಲ್ಯಾಂಡಿನಲ್ಲಿ ಸುಮಾರು 1818ರಲ್ಲಿ ಗುಲಾಮನಾಗಿ ಹುಟ್ಟಿದವನು. ಸುಮಾರು ಅನ್ನಬೇಕು, ಯಾಕೆಂದರೆ ಹುಟ್ಟಿದ ದಿನ ಅವನಿಗೆ ಗೊತ್ತಿರಲಿಲ್ಲ. (ನಮ್ಮವ್ವನಿಗೂ ಅವಳದು ಗೊತ್ತಿಲ್ಲ, ಯಾವುದೋ ಬರಗಾಲ ಮುಗಿದ ವರ್ಷ ಅನ್ನುತ್ತಾಳೆ.) ಹುಡುಗನಾಗಿದ್ದಾಗ ಅವನನ್ನು ಬಾಲ್ಟಿಮೋರಿನ ಆಲ್ಡ್ ಎಂಬುವರ ಮನೆಗೆ ಕಳಿಸಿದರು. ಮನೆಯೊಡತಿ ಸೋಫಿಯಾ ಅವನಿಗೆ ಅಕ್ಷರ ಕಲಿಸತೊಡಗಿದಳು. ಗಂಡ ಹ್ಯೂ ಆಲ್ಡ್‌ಗೆ ತಿಳಿದು ತಡೆದ. ತಡೆಯುವಾಗ ಅವನು ಕೊಟ್ಟ ಕಾರಣಗಳಲ್ಲಿ ಒಂದನ್ನು ಕೇಳಿ: ಓದು ಕಲಿತರೆ ಈ ಹುಡುಗನಿಗೇ ಕೆಡುಕು, ಅತೃಪ್ತಿ ಹತ್ತುತ್ತದೆ, ದುಃಖಿಯಾಗುತ್ತಾನೆ. ಗುಲಾಮನ ಸುಖದ ಬಗ್ಗೆ ಯಜಮಾನನಿಗೆ ಎಷ್ಟೊಂದು ಕಾಳಜಿ!

ಆದರೆ ಡಗ್ಲಾಸನ ಪ್ರಾಮಾಣಿಕತೆ ನೋಡಿ. 1845ರಲ್ಲಿ ಬಂದ ಆತ್ಮಕಥೆಯಲ್ಲಿ, ಯಜಮಾನ ಹೇಳಿದ ಹಾಗೆಯೇ ಆಯಿತು ಎಂದು ಅವನೇ ಬರೆದ. ಬೀದಿಯ ಬಿಳಿ ಹುಡುಗರಿಗೆ ಬ್ರೆಡ್ಡು ಕೊಟ್ಟು ಅಕ್ಷರ ಕಲಿತ. ಓದು ಬಂದ ಮೇಲೆ ತನ್ನ ಸ್ಥಿತಿ ಕಣ್ಣಿಗೆ ಹೊಡೆಯಿತು, ಬಿಡುಗಡೆಯ ದಾರಿ ಮಾತ್ರ ಕಾಣಲಿಲ್ಲ. ಓದು ಕಲಿತದ್ದು ವರವಲ್ಲ, ಶಾಪ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತಂತೆ. ಏನೂ ಅರಿಯದ ಜೊತೆಯವರನ್ನು ಕಂಡು ಹೊಟ್ಟೆಕಿಚ್ಚು ಪಟ್ಟನಂತೆ. 1836ರಲ್ಲಿ ಗೆಳೆಯರ ಜೊತೆ ತಪ್ಪಿಸಿಕೊಳ್ಳಲು ಹೊಂಚು ಹಾಕಿ ಸಿಕ್ಕಿಬಿದ್ದು ಜೈಲು ಸೇರಿದ. ಮತ್ತೆ 1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷ ಹಾಕಿ, ಬೇರೆಯವನ ಕಾಗದಪತ್ರ ಇಟ್ಟುಕೊಂಡು ರೈಲು ಹತ್ತಿದ. ನ್ಯೂಯಾರ್ಕ್ ಮುಟ್ಟಿದ ಸಂತೋಷ ಎಷ್ಟು ಹೊತ್ತು ಇತ್ತು? ಸ್ವಲ್ಪ ಹೊತ್ತು. ಆಮೇಲೆ ಒಂಟಿತನ, ಯಾರನ್ನು ನಂಬಿದರೆ ಹಿಡಿದುಕೊಡುತ್ತಾರೋ ಎಂಬ ಭಯ. ಅದನ್ನೂ ಮುಚ್ಚಿಡದೆ ಬರೆದಿದ್ದಾನೆ.

ಹಾಗಾದರೆ ಆಲ್ಡ್ ಹೇಳಿದ್ದರಲ್ಲಿ, ಗೌಡ ಹೇಳಿದ್ದರಲ್ಲಿ ತಪ್ಪೇನು? ನೋವು ಬರುತ್ತದೆ ಎಂದರು, ಬಂತು. ನನಗೆ ತೋರುವುದು ಇಷ್ಟು. ಅವರ ಲೆಕ್ಕದ ಪುಸ್ತಕದಲ್ಲಿ ಒಂದೇ ಪುಟ ಇದೆ. ಬಯಸಿದರೆ ಆಗುವ ನೋವನ್ನು ಮಾತ್ರ ಬರೆದಿದ್ದಾರೆ. ಬಯಸದೆ ಇದ್ದರೆ ಆಗುವ ನೋವನ್ನು ಬರೆದಿಲ್ಲ. ಅಪ್ಪನ ಸೊಂಟ ನೋವು, ಅವ್ವನ ಕೈಯ ಬಿರುಕು, ಸಂಜೆ ಕೂಲಿಗೆ ಜಗಲಿ ಕೆಳಗೆ ಕಾಯುವುದು ಇವೆಲ್ಲ ಆ ಲೆಕ್ಕದಲ್ಲಿ ನೋವೇ ಅಲ್ಲ, ದಿನಚರಿ. ಅವು ಹೇಗೂ ಇರತಕ್ಕವು. ಯಾಕೆಂದರೆ ಅವೇ ಯಜಮಾನನ ಸುಗ್ಗಿ. ನೋವಿಲ್ಲದ ಬದುಕು ಒಂದು ಕಡೆ, ನೋವಿರುವ ಬದುಕು ಇನ್ನೊಂದು ಕಡೆ ಇದ್ದು ನಾವು ಆರಿಸಿಕೊಳ್ಳಬೇಕು ಎಂಬಂತೆ ಮಾತಾಡುತ್ತಾರೆ. ಅಂಥ ಆಯ್ಕೆ ನಮ್ಮ ಕೇರಿಗೆ ಯಾವತ್ತೂ ಬಂದಿಲ್ಲ. ಎರಡೂ ಕಡೆ ನೋವಿದೆ. ಒಂದು ಕಡೆ ಮಾತ್ರ ನಗು ಸಿಕ್ಕರೂ ಸಿಗಬಹುದು.

ಇದಕ್ಕೆ ಕೆಲವರು ಬುದ್ಧನನ್ನು ಅಡ್ಡ ತರುತ್ತಾರೆ. ನಾನು ಓದಿದ ಶಾಲೆಯ ಗೋಡೆಯ ಮೇಲೆ ಬುದ್ಧನ ಚಿತ್ರದ ಕೆಳಗೆ "ಆಸೆಯೇ ದುಃಖಕ್ಕೆ ಮೂಲ" ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಅದರ ಕೆಳಗೇ ಕೂತು ನಾವು ಬಿಸಿಯೂಟ ಉಣ್ಣುತ್ತಿದ್ದೆವು, ಇನ್ನೊಂದು ಸೌಟು ಸಾರು ಬೀಳಲಿ ಎಂಬ ಆಸೆಯಲ್ಲಿ. ನಾನು ಪಾಲಿ ಬಲ್ಲ ಪಂಡಿತನಲ್ಲ. ಆದರೂ ಇಷ್ಟು ತಿಳಿದುಕೊಂಡಿದ್ದೇನೆ: ಅಲ್ಲಿರುವ ಮಾತು ತಣ್ಹಾ, ಅಂದರೆ ತೃಷ್ಣೆ, ತೀರದ ಬಾಯಾರಿಕೆ. ಎಲ್ಲ ಬಯಕೆಗೂ ಆ ಒಂದೇ ಮಾತಿಲ್ಲ. ಛಂದ ಎಂಬ ಇನ್ನೊಂದು ಮಾತಿದೆ, ಒಳ್ಳೆಯದನ್ನು ಮಾಡಬೇಕೆಂಬ ಇಚ್ಛೆಗೂ ಅದನ್ನು ಬಳಸುತ್ತಾರೆ. ಬುದ್ಧನಾಗುವ ಮೊದಲು ಸಿದ್ಧಾರ್ಥ ಉಪವಾಸ ಬಿದ್ದು ಮೂಳೆ ಚಕ್ಕಳವಾಗಿ, ಇದು ದಾರಿಯಲ್ಲ ಎಂದು ಬಿಟ್ಟು, ಸುಜಾತೆ ಕೊಟ್ಟ ಪಾಯಸ ಉಂಡದ್ದನ್ನು ಗೋಡೆಯ ಮೇಲೆ ಯಾಕೆ ಬರೆಯುವುದಿಲ್ಲ?

ಅಂಬೇಡ್ಕರ್ ಅವರಿಗೂ ಈ ಪ್ರಶ್ನೆ ಕಾಡಿತ್ತು. ಅವರು ತೀರಿಕೊಂಡ ಮೇಲೆ 1957ರಲ್ಲಿ ಅಚ್ಚಾದ 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕದ ಪ್ರವೇಶದಲ್ಲೇ ಅವರು ಕೇಳುತ್ತಾರೆ: ನಾಲ್ಕು ಆರ್ಯಸತ್ಯಗಳು ಬುದ್ಧನ ಮೂಲ ಬೋಧನೆಯೇ, ಇಲ್ಲ ಆಮೇಲೆ ಭಿಕ್ಷುಗಳು ಸೇರಿಸಿದ್ದೇ? ಹುಟ್ಟೂ ದುಃಖ, ಬದುಕೂ ದುಃಖ, ಸಾವೂ ದುಃಖ ಎಂದುಬಿಟ್ಟರೆ ಮನುಷ್ಯನಿಗೆ ಭರವಸೆ ಎಲ್ಲಿ ಉಳಿಯಿತು? ಬೌದ್ಧ ವಿದ್ವಾಂಸರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲಿ. ಆದರೆ ಕೇಳಿದವರು ಯಾರು ಎಂಬುದನ್ನು ಮರೆಯಬಾರದು. ಬಾಯಾರಿಕೆ ಎಂಬುದು ಅವರಿಗೆ ವೇದಾಂತದ ಶಬ್ದವಾಗಿರಲಿಲ್ಲ. ಶಾಲೆಯಲ್ಲಿ ಜವಾನ ಬಂದು ಮೇಲಿಂದ ನೀರು ಹೊಯ್ಯದಿದ್ದರೆ ನೀರಿಲ್ಲದೆ ಕೂತ ಹುಡುಗ ಅವರು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಕುಡಿದರು. ಅವತ್ತೇ ಪೆಟ್ಟು ಬಿತ್ತು. ಇವರು ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂಬ ಸುದ್ದಿ ಹಬ್ಬಿಸಿ, ಊರಿಗೆ ಹೊರಟಿದ್ದವರನ್ನು, ಉಣ್ಣಲು ಕೂತಿದ್ದವರನ್ನು ಬಡಿದರು. ಆ ಕೆರೆಯ ನೀರು ಎಲ್ಲರದು ಎಂದು ಮುಂಬಯಿ ಹೈಕೋರ್ಟಿನಲ್ಲಿ ತೀರ್ಮಾನ ಆಗಲು 1937 ಬರಬೇಕಾಯಿತು. ಒಂದು ಬೊಗಸೆ ನೀರು, ಅದರ ಬೆನ್ನಿಗೇ ಪೆಟ್ಟು, ಆಮೇಲೆ ಹತ್ತು ವರ್ಷ ಕೋರ್ಟು. ಅವತ್ತು ಆ ಜನಕ್ಕೆ ತೃಷ್ಣೆಯೇ ದುಃಖದ ಮೂಲ ಎಂದು ಯಾರಾದರೂ ಹೇಳಿದ್ದರೆ ಏನನ್ನುತ್ತಿದ್ದರೋ!

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಸಲೀಸು. ಬಯಸಿರಿ, ಹೋರಾಡಿರಿ, ನೋವಿಗೆ ಅಂಜಬೇಡಿ ಎಂದು ಬರೆದು ಸಹಿ ಹಾಕಬಹುದು. ಅಂಥವನ್ನು ನಾನೂ ಬರೆದಿದ್ದೇನೆ, ಪದ್ಯದಲ್ಲಿ, ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಆದರೆ ಒಂದು ಮುಳ್ಳು ಉಳಿದುಬಿಡುತ್ತದೆ. ಬಯಸಿದವನೊಬ್ಬನೇ ನೋವು ಉಣ್ಣುವುದಾದರೆ ಸರಿ, ಅದು ಅವನ ಧೈರ್ಯ. ಬಯಸುವವನು ಒಬ್ಬ, ನೋಯುವವರು ಇನ್ನೊಬ್ಬರು ಆದರೆ?

ರಮಾಬಾಯಿಯವರನ್ನು ನೆನೆಯಿರಿ. ಗಂಡ ನ್ಯೂಯಾರ್ಕಿನಲ್ಲಿ, ಲಂಡನ್ನಿನಲ್ಲಿ ಓದುವಾಗ ಆಕೆ ಮುಂಬಯಿಯಲ್ಲಿ ಹೇಗೆ ಸಂಸಾರ ತೂಗಿಸಿದರು ಎಂಬುದನ್ನು ನಾವು ಭಾಷಣದಲ್ಲಿ ಒಂದು ಸಾಲು ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತೇವೆ. ಐದು ಮಕ್ಕಳಲ್ಲಿ ನಾಲ್ಕು ಎಳೆಯದರಲ್ಲೇ ಹೋದವು. ಆಕೆಗೆ ಪಂಢರಪುರಕ್ಕೆ ಹೋಗಿ ವಿಠಲನನ್ನು ನೋಡುವ ಆಸೆ ಇತ್ತೆಂದೂ, ನಮ್ಮನ್ನು ಹೊರಗೆ ನಿಲ್ಲಿಸುವ ಆ ಪಂಢರಪುರ ಬೇಡ ಎಂದು ಗಂಡ ಒಪ್ಪಲಿಲ್ಲವೆಂದೂ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಅಂಬೇಡ್ಕರ್ ಹೇಳಿದ್ದು ಸರಿ. ಆದರೂ ಆಕೆಯ ಆಸೆ ಆಸೆಯಾಗಿಯೇ ಉಳಿಯಿತು, 1935ರ ಮೇ 27ರಂದು ಆಕೆ ತೀರಿಕೊಂಡರು. 1940ರಲ್ಲಿ ಬಂದ ಪಾಕಿಸ್ತಾನ ಕುರಿತ ಪುಸ್ತಕವನ್ನು ಅಂಬೇಡ್ಕರ್ ಆಕೆಯ ನೆನಪಿಗೆ ಅರ್ಪಿಸಿದ್ದಾರೆ. ಯಾರೂ ಇಲ್ಲದ ಕಷ್ಟದ ದಿನಗಳಲ್ಲಿ ತನ್ನೊಂದಿಗೆ ನೋಯಲು ಆಕೆ ಸಿದ್ಧಳಿದ್ದುದನ್ನು ನೆನೆದು. ಆ ಅರ್ಪಣೆ ಓದಿದಾಗಲೆಲ್ಲ ನನಗೆ ಅದು ಸಾಲದ ಪತ್ರದಂತೆ ಕಾಣುತ್ತದೆ. ಅವರು ಸಾಲವನ್ನು ಒಪ್ಪಿಕೊಂಡು ಸಹಿ ಹಾಕಿದ್ದಾರೆ. ಬೇರೆ ಎಷ್ಟು ಜನ ಹಾಕುತ್ತಾರೆ?

ನಾನು ಹಾಕಿರಲಿಲ್ಲ. ಅಕ್ಕ ಶಾಲೆ ಬಿಟ್ಟಾಗ ನನಗೆ ಎಂಟು ವರ್ಷ. ಮೂರು ವರ್ಷ ಶೇಂಗಾ ಕೀಳುವ ಕೂಲಿ. ಆಮೇಲೆ ಪಕ್ಕದ ಮನೆಯವರ ಜೊತೆ ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸ್ ಸೇರಿದಳು. ಕಾಲರು ಹೊಲಿಯುವ ಮಿಷನ್ನಿನಲ್ಲಿ ಅವಳು ಕೂತ ವರ್ಷಗಳೇ ನನ್ನ ಪಿಯುಸಿ, ನನ್ನ ಬಿ.ಎ. ಗೌಡ ಕೊಡದ ಸಾಲ ಅವಳು ಕೊಟ್ಟಳು, ಬಡ್ಡಿ ಇಲ್ಲದೆ, ಕೇಳದೆ. ಹುಡುಗ ಓದಲಿ ಎಂದು ಮನೆಯಲ್ಲಿ ತೀರ್ಮಾನ ಆದಾಗ ಅವಳನ್ನು ಯಾರೂ ಕೇಳಲಿಲ್ಲ. "ಬೇಜಾರಾಗಿತ್ತಾ ಅಕ್ಕ?" ಎಂದು ನಾನು ಮೊನ್ನೆ ಮೊನ್ನೆಯವರೆಗೂ ಕೇಳಿರಲಿಲ್ಲ. ಕೇಳಿದಾಗ ಅವಳು ಹೇಳಿದ್ದು: "ಬೇಜಾರೇನಿಲ್ಲ. ನಿನ್ ಪುಸ್ತಕಕ್ಕೆ ರಟ್ಟು ಹಾಕ್ವಾಗ ಮಾತ್ರ ವಸಿ ಹೊಟ್ಟೆ ಉರೀತಿತ್ತು."

ಈಗ ನೋಡಿ ನಾನು ಮಾಡಿದ್ದು. ಅವಳ ನೋವಿನ ಮೇಲೆ ನಿಂತು ನನ್ನ ಸುಖ ಹುಡುಕಿದವನು, ಅವಳು ತನ್ನದನ್ನು ಹುಡುಕಲು ಹೊರಟಾಗ, ನೋವಾಗುತ್ತದೆ ಬೇಡ ಅಂದೆ. ಪ್ರೀತಿಯಿಂದಲೇ ಅಂದೆ. ಗೌಡನೂ ಕರುಣೆಯಿಂದಲೇ ಅಂದಿದ್ದ. ನನಗೆ ಅವಳ ಸೋಲಿನ ಭಯ ಇತ್ತೋ, ಇಲ್ಲ ಅವಳು ಅತ್ತರೆ ನೋಡಬೇಕಾದ ಕಷ್ಟ ನನ್ನದು ಎಂಬ ಭಯ ಇತ್ತೋ ಎಂದು ಕೇಳಿಕೊಂಡರೆ ಉತ್ತರ ನನಗೆ ಹಿತವಾಗಿಲ್ಲ. ಬೇರೆಯವರ ಆಸೆಗೆ ಅಡ್ಡ ನಿಂತು ಅವರನ್ನು ನೋವಿಂದ ಕಾಪಾಡುತ್ತೇವೆ ಅನ್ನುವ ನಾವು, ಎಷ್ಟೋ ಸಲ ಕಾಪಾಡಿಕೊಳ್ಳುತ್ತಿರುವುದು ನಮ್ಮನ್ನೇ. ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ನಮ್ಮ ಹುಡುಗಿಯೊಬ್ಬಳು ಸೈನ್ಸ್ ತಗೊಳ್ತೀನಿ ಸಾರ್ ಅಂದಾಗ, "ನಿನಗೆ ಕಷ್ಟ ಆಗುತ್ತಮ್ಮ, ಆರ್ಟ್ಸ್ ತಗೋ" ಎಂದು ಹೇಳುವಾಗ ಯಾರ ಕಷ್ಟವನ್ನು ಲೆಕ್ಕ ಹಾಕಿರುತ್ತೀರಿ?

ಹಾಗಾದರೆ ಅವ್ವನ ಮಾತು? ಅದೂ ಅದೇ ಅಲ್ಲವೆ? ಅಲ್ಲ ಎಂದು ಮೊದಲೇ ಹೇಳಿದೆ. ಅದನ್ನು ಹೇಳಲು ನನ್ನ ಹೆಸರಿನ ಕತೆ ಹೇಳಬೇಕು.

ಅಕ್ಕನಿಗೂ ನನಗೂ ಏಳು ವರ್ಷದ ಅಂತರ. ನಡುವೆ ಇಬ್ಬರು ಗಂಡುಮಕ್ಕಳು ಹುಟ್ಟಿ ಸತ್ತರು. ಒಬ್ಬ ಹನ್ನೊಂದು ದಿನ ಇದ್ದ, ಇನ್ನೊಬ್ಬ ನಗುವುದು ಕಲಿತಿದ್ದ. ಮೂರನೆಯವನು ನಾನು. ನಾನು ಹುಟ್ಟಿದಾಗ ಅವ್ವ ಯಾರ ಮುಂದೆಯೂ ಸಂತೋಷ ತೋರಿಸಲಿಲ್ಲವಂತೆ. ನನ್ನನ್ನು ಹಳೆಯ ಮೊರದಲ್ಲಿ ಹಾಕಿ, ಹೊತ್ತುಕೊಂಡು ಹೋಗಿ ತಿಪ್ಪೆಯ ಮೇಲೆ ಮಲಗಿಸಿದರು. ಅಜ್ಜಿ ಬಂದು, "ಅಯ್ಯೋ ಯಾರೋ ಬಿಸಾಕಿ ಹೋದ ಕೂಸು" ಎಂದು ಎತ್ತಿಕೊಂಡು ಬಂದಳು. ಹೆಸರು ತಿಪ್ಪ. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ತಿಪ್ಪಯ್ಯ, ತಿಪ್ಪಮ್ಮ, ತಿಪ್ಪೇಶ ಎಂಬವರು ಊರೂರಿಗೆ ಇದ್ದಾರೆ. ಕೆಲವರದು ನಾಯಕನಹಟ್ಟಿ ತಿಪ್ಪೇಸ್ವಾಮಿಯ ಹರಕೆಯ ಹೆಸರು, ಕೆಲವರದು ನನ್ನ ಹಾಗೆ ಸಾವಿಗೆ ಕಣ್ಣು ಕಟ್ಟುವ ಹೆಸರು. ಕಸ ಅಂದುಕೊಂಡು ಸಾವು ದಾಟಿ ಹೋಗಲಿ ಎಂದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬೇರೆ ಹೆಸರು ಬರೆದುಕೊಂಡರು. ಪದವಿ ಓದುವಾಗ ಈ ಕತೆ ನನಗೆ ನಾಚಿಕೆ ಆಗಿತ್ತು. ಮೂಢನಂಬಿಕೆ ಎಂದು ಅವ್ವನ ಜೊತೆ ವಾದ ಕೂಡ ಮಾಡಿದ್ದೆ.

ರೋಮ್ ರಾಜ್ಯದಲ್ಲಿ ಎಪಿಕ್ಟೆಟಸ್ ಎಂಬ ತತ್ವಜ್ಞಾನಿ ಇದ್ದ. ಗುಲಾಮನಾಗಿದ್ದು ಆಮೇಲೆ ಬಿಡುಗಡೆಯಾದವನು. ಮಗುವಿಗೆ ಮುತ್ತಿಡುವಾಗ, ಇದು ಸಾಯುವ ಜೀವ ಎಂದು ಮನಸ್ಸಿನಲ್ಲೇ ಹೇಳಿಕೊ, ಆಗ ಸತ್ತರೂ ಕಂಗೆಡುವುದಿಲ್ಲ ಎಂಬುದು ಅವನ ಬೋಧನೆ. ಅದೇ ಮಾತನ್ನು ಮುಂದೆ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡ. ಅವನೂ ಹಲವು ಮಕ್ಕಳನ್ನು ಮಣ್ಣು ಮಾಡಿದವನೇ. ಗುಲಾಮನ ಮಾತು ದೊರೆಗೂ ಹೊಂದಿತು. ಮೊದಲ ಸಲ ಓದಿದಾಗ, ನಮ್ಮವ್ವ ಮಾಡಿದ್ದೂ ಇದೇ ಅಲ್ಲವೆ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಎಪಿಕ್ಟೆಟಸ್ ಆಸೆಯ ಹಿಡಿತವನ್ನು ಸಡಿಲ ಮಾಡಿಕೊ ಅನ್ನುತ್ತಾನೆ. ಅವ್ವ ಒಂದು ಎಳೆಯನ್ನೂ ಸಡಿಲ ಮಾಡಲಿಲ್ಲ. ಇಬ್ಬರನ್ನು ಮಣ್ಣಿಗೆ ಕೊಟ್ಟವಳು ಮೂರನೆ ಸಲ ಬಸುರಾದಳು. ಏನಾಗಬಹುದು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಬಯಸಿದಳು. ಬಯಸಿದ್ದನ್ನು ಕಳ್ಳರ ಕಾಲದಲ್ಲಿ ಗಂಟು ಬಚ್ಚಿಡುವ ಹಾಗೆ ತಿಪ್ಪೆಯಲ್ಲಿ ಬಚ್ಚಿಟ್ಟಳು. ಅವಳ "ಜಾಸ್ತಿ ನಗಬ್ಯಾಡ್ರಿ" ಎಂಬುದು ನಗಬೇಡಿ ಎಂದಲ್ಲ. ಸದ್ದು ಕೇಳಿಸದಂತೆ ನಗಿರಿ, ಯಾರಾದರೂ ಕಿತ್ತುಕೊಂಡಾರು ಎಂದು. ಗೌಡ ನನ್ನ ಆಸೆಯನ್ನೇ ಬಿಡಿಸಲು ನೋಡಿದ. ಅವ್ವ ಅದಕ್ಕೆ ಕಾವಲು ಕೂತಿದ್ದಳು. ನಾನು ಇಷ್ಟು ವರ್ಷ ಅವಳ ಬಾಯಿಮಾತು ಕೇಳಿದೆನೇ ಹೊರತು ಅವಳು ಮಾಡಿದ್ದನ್ನು ಓದಿರಲಿಲ್ಲ. ನಾವು ಅಕ್ಷರ ಕಲಿತವರು ಹೀಗೇ, ಹೇಳಿದ್ದನ್ನು ಬರೆದುಕೊಳ್ಳುತ್ತೇವೆ.

ಅಕ್ಕ ನನ್ನ ಮಾತು ಕೇಳಲಿಲ್ಲ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಿದಳು. ಮೊದಲ ಸಲ ಗಣಿತ, ಇಂಗ್ಲಿಷು ಎರಡೂ ಹೋದವು. ನಾನು ಹೆದರಿದ ಹಾಗೆಯೇ ಆಯಿತು. ಎರಡು ದಿನ ಅತ್ತಳು, ಅಡಿಗೆ ಮಾಡಲಿಲ್ಲ, ಭಾವ ಹೋಟೆಲಿಂದ ಇಡ್ಲಿ ತಂದ. ಮೂರನೆ ದಿನ ಎಂಟನೆ ತರಗತಿಯ ಮಗಳ ಗಣಿತದ ಪುಸ್ತಕ ಹಿಡಿದು ಕೂತಳಂತೆ. "ಪಾಸಾಗಿ ಏನು ಮಾಡ್ತೀಯ ಅಕ್ಕ, ಕೆಲಸಕ್ಕೆ ಹಾಕ್ತೀಯ?" ಅಂದೆ. "ಯಾವ ಕೆಲ್ಸಾನೋ? ನಂಗೆ ಆ ಹಾಲ್‌ನಾಗೆ ಕುಂತ್ಕೊಂಡು ಬರೀಬೇಕು ಅನ್ನಿಸ್ತೈತೆ, ಅಷ್ಟೇ" ಅಂದಳು. ಇದಕ್ಕೆ ಯಾವ ಸಿದ್ಧಾಂತದಲ್ಲಿ ಜಾಗ ಇದೆಯೋ ನನಗೆ ತಿಳಿಯದು. ನಮ್ಮವರ ಸುಖ ಅಂದ ಕೂಡಲೆ ಭೂಮಿ, ಕೂಲಿ, ಮೀಸಲಾತಿ ಎಂದು ಪಟ್ಟಿ ಮಾಡುವ ನಾನು, ಯಾವ ಪ್ರಯೋಜನಕ್ಕೂ ಅಲ್ಲದ ಒಂದು ಸುಖ ಅವಳಿಗೆ ಬೇಕು ಅಂದಾಗ ಬೆಪ್ಪಾದೆ.

ಈ ಸಲ ಗಣಿತದ ದಿನ ಅವಳ ಜೊತೆ ನಾನೇ ಹೋದೆ. ಬಸ್ಸಿನಲ್ಲಿ ಅವಳು ಹಾಲ್ ಟಿಕೆಟ್ಟು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಹುಡುಗ ಹುಡುಗಿಯರ ನಡುವೆ ಒಬ್ಬಳೇ ಸೀರೆಯವಳು. ಗೇಟಿನಲ್ಲಿದ್ದ ಪೊಲೀಸು, "ಪೋಷಕರು ಈಚೆ ನಿಲ್ಲಿ" ಎಂದು ತಡೆದ. "ನಾನೇ ಬರೆಯಾಕಿ ಸಾರ್" ಅಂದು ಗಂಟು ಬಿಚ್ಚಿ ತೋರಿಸಿದಳು. ನಾನು ರಸ್ತೆ ಆಚೆ ಹೊಂಗೆ ಮರದ ಕೆಳಗೆ ಕೂತೆ. ಹೊಟ್ಟೆಯಲ್ಲಿ ಅದೇ ಹಳೆಯ ಹೆದರಿಕೆ. ಅದು ಹೋಗುವುದಿಲ್ಲ ಅಂತ ಕಾಣುತ್ತದೆ.

ಬೆಲ್ಲು ಹೊಡೆದು ಬಹಳ ಹೊತ್ತಾದ ಮೇಲೆ ಬಂದಳು. ಬೆರಳಿಗೆಲ್ಲ ಮಸಿ. "ಹೆಂಗಾಯ್ತಕ್ಕಾ?" ಅಂದೆ. "ಎರಡು ಲೆಕ್ಕ ಬಿಟ್ಟೆ. ಒಂದು ಲೆಕ್ಕ ಎಲ್ಲಾ ಸರಿ ಮಾಡಿ, ಕೊನೇಗೆ ಕೂಡೋದು ತೆಪ್ಪು ಮಾಡ್ದೆ ಕಣೋ, ಹೊರಾಗೆ ಬಂದ್ಮೇಲೆ ಗೊತ್ತಾತು" ಅಂದವಳೇ ನಗತೊಡಗಿದಳು. ನಡು ರಸ್ತೆಯಲ್ಲಿ, ಜೋರಾಗಿ. ಹುಡುಗರು ತಿರುಗಿ ನೋಡಿದರು. ನಾನು ರೂಢಿಯಂತೆ ಸುತ್ತ ಒಂದು ಸಲ ನೋಡಿದೆ. "ನಡಿಯೋ, ಹೊಟ್ಟೆ ಹಸೀತೈತೆ, ಏನಾರ ತಿಂಬಾನ" ಅಂದಳು. ಹೋಟೆಲಿನಲ್ಲಿ ಎರಡು ಪ್ಲೇಟು ಮಿರ್ಚಿ ಮಂಡಕ್ಕಿ ಹೇಳಿದೆವು.

ಫಲಿತಾಂಶ ಇನ್ನೂ ಬಂದಿಲ್ಲ.